ಮಳೆಬಿಲ್ಲು

ಆಷಾಢ ಕಳೆದು ಶ್ರಾವಣ ಕಾಲಿಡುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಮನೆಯಲ್ಲೂ ಒಂದು ಮಾತು ಕೇಳುತ್ತದೆ. "ಅರ್ಧ ತಿಂಗಳು ಕರೆಂಟೇ ಇರ್ಲಿಲ್ಲ ಮಾರಾಯ್ರೆ, ಬಿಲ್ ಮಾತ್ರ ಜಾಸ್ತಿ!" ಕೇಳಿದವರು ತಲೆದೂಗಿ, "ಕೆಇಬಿಯವರದ್ದು ಇದ್ದದ್ದೇ ಬಿಡಿ" ಎನ್ನುತ್ತಾರೆ. 2002ರಿಂದ ಈ ಕಡೆಗೆ ಮೆಸ್ಕಾಂ ಬಂದಿದೆ. ಆದರೂ ಬೈಯುವುದಕ್ಕೆ ಹಳೆಯ ಹೆಸರೇ ಬಾಯಿಗೆ ರುಚಿ.

ತಮಾಷೆಯೆಂದರೆ ಆ ಬಿಲ್ಲು ಬಹಳ ಸಲ ನಿಜವನ್ನೇ ಹೇಳುತ್ತಿರುತ್ತದೆ. ಅಡಿಕೆ ಸೋಗೆ ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಇನ್ವರ್ಟರ್ ಎಚ್ಚರಗೊಳ್ಳುತ್ತದೆ. ಹನ್ನೆರಡು ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಹೊಸತಿದ್ದಾಗ ಹಿಡಿಯುವುದು 1.8 ಯೂನಿಟ್. ಅದರಲ್ಲಿ ಮನೆಯ ದೀಪ, ಫ್ಯಾನಿಗೆ ಸಿಗುವುದು ಒಂದೂವರೆ. ಪೂರ್ತಿ ಖಾಲಿಯಾದದ್ದನ್ನು ಮತ್ತೆ ತುಂಬಿಸಲು ಮೀಟರ್ ಓಡುವುದು ಎರಡೂವರೆಯ ಆಸುಪಾಸು. ಉಳಿದದ್ದು ಇನ್ವರ್ಟರಿನೊಳಗಿನ ಟ್ರಾನ್ಸ್‌ಫಾರ್ಮರ್ ಬಿಸಿಯಾಗಿ, ಬ್ಯಾಟರಿಯ ನೀರು ಕುದಿದು ಗಾಳಿಗೆ ಹೋಯಿತು. ಡಿಸ್ಟಿಲ್ಡ್ ವಾಟರ್ ಹಾಕಲು ಮರೆತ ಹಳೆಯ ಬ್ಯಾಟರಿಯಾದರೆ ಹೊಟ್ಟೆ ತುಂಬುವುದೇ ಇಲ್ಲ, ಹಗಲೂ ರಾತ್ರಿ ಗುಂಯ್‌ಗುಡುತ್ತಾ ಉಣ್ಣುತ್ತಲೇ ಇರುತ್ತದೆ. ಇದರ ಮೇಲೆ ಬಚ್ಚಲೊಲೆಗೆ ಒಣ ಕಟ್ಟಿಗೆ ಇಲ್ಲವೆಂದು ಗೀಸರ್ ಹಾಕುತ್ತೇವೆ. ಮೂರು ಕಿಲೋವ್ಯಾಟಿನದ್ದಾದರೆ ಇಪ್ಪತ್ತು ನಿಮಿಷಕ್ಕೆ ಒಂದು ಯೂನಿಟ್. ಒಣಗದ ಬಟ್ಟೆಗೆ ಇಸ್ತ್ರಿಪೆಟ್ಟಿಗೆ ಬೇರೆ. ಕರೆಂಟು ಕಮ್ಮಿ ಇದ್ದ ತಿಂಗಳಲ್ಲೇ ಯೂನಿಟ್ ಜಾಸ್ತಿಯಾಗುವುದರಲ್ಲಿ ಮಾಟಮಂತ್ರವೇನೂ ಇಲ್ಲ.

ಆದರೆ ಇದನ್ನೆಲ್ಲ ಬಿಲ್ಲು ಹೇಳುವುದಿಲ್ಲವಲ್ಲ! ಆ ಚೀಟಿಯಲ್ಲಿ ಒಂದೇ ಒಂದು ಸಾಲು ಸೇರಿಸಿದರೆ ಅರ್ಧ ಜಗಳ ತಪ್ಪುತ್ತದೆ. ಆ ಸಾಲು ಯಾವುದು ಎನ್ನುವುದಕ್ಕೆ ಮುಂಚೆ ಚೀಟಿಯ ಬಗ್ಗೆಯೇ ಎರಡು ಮಾತು ಹೇಳಬೇಕು. ಸಾಲು ಉಳಿಯಬೇಕಾದರೆ ಕಾಗದ ಉಳಿಯಬೇಕು ತಾನೆ?

ಮೀಟರ್ ರೀಡರ್ ಸಂಕ ದಾಟಿ, ತೋಟದ ಇಂಬಳ ಕಾಲಿಗೆ ಹತ್ತಿಸಿಕೊಂಡು ಬಂದು, ಸೊಂಟದ ಯಂತ್ರದಿಂದ ಹರಿದು ಕೊಡುವ ಆ ಚೀಟಿಯಲ್ಲಿ ಶಾಯಿ ಎಂಬುದೇ ಇಲ್ಲ. ಕಾಗದಕ್ಕೆ ಬಳಿದ ಬಣ್ಣವಿಲ್ಲದ ರಾಸಾಯನಿಕವು ಯಂತ್ರದ ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ, ಅದೇ ಅಕ್ಷರ. ಹೀಗೆ ಹುಟ್ಟಿದ ಅಕ್ಷರಕ್ಕೆ ಸಾಯಲು ನೂರು ದಾರಿ. ಬಿಸಿಲಿಗೆ ಮಾಸುತ್ತದೆ. ಎಣ್ಣೆಗೈ ತಾಗಿದರೆ ಮಾಸುತ್ತದೆ. ಅಚ್ಚುಕಟ್ಟಿನ ಯಜಮಾನರು ಭದ್ರವಾಗಿರಲೆಂದು ಮೆತ್ತನೆಯ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟರೆ, ಪ್ಲಾಸ್ಟಿಕ್ಕನ್ನು ಮೆದುಮಾಡಲು ಬೆರೆಸಿದ ಎಣ್ಣೆಯಂಥ ವಸ್ತುವೇ ಒಸರಿ ಅಕ್ಷರವನ್ನು ಮೇಯುತ್ತದೆ. ಇನ್ನೂ ಅಚ್ಚುಕಟ್ಟಿನವರು ಪೇಟೆಗೆ ಒಯ್ದು ಲ್ಯಾಮಿನೇಷನ್ ಮಾಡಿಸುತ್ತಾರೆ. ಬಿಸಿ ರೋಲರಿನ ಆಚೆ ಬರುವುದು ಅಮಾವಾಸ್ಯೆಯಷ್ಟು ಕಪ್ಪು ಹಾಳೆ. ಬಿಸಿ ಕಾಫಿ ಲೋಟ ಇಟ್ಟರೆ ಅದರ ಬುಡದ ಬಳೆಯೂ ಬಿಲ್ಲಿನ ಒಂದು ಅಂಶವಾಗಿ ಮೂಡುತ್ತದೆ. ಪಂಚಾಂಗದ ಮೊಳೆಗೆ ಚುಚ್ಚಿಟ್ಟದ್ದನ್ನು ಆರು ತಿಂಗಳ ಮೇಲೆ, ಯಾವುದೋ ತಕರಾರಿಗೆ ಬೇಕೆಂದು ತೆಗೆದರೆ, ಮೊಳೆಯ ತೂತೊಂದೇ ಸ್ಪಷ್ಟ.

ಇದೇ ಸೀಮೆಯಲ್ಲಿ ಹಿಂದೆ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಚಿ, ಬಳಪದಲ್ಲಿ ಬರೆಯುವುದು. ಕಪ್ಪಿನ ಮೇಲೆ ಬಿಳಿ. ಬೇಡವಾದರೆ ಒರೆಸಿ ಮತ್ತೆ ಬರೆಯಲೂಬಹುದು. ಹೀಗೆ ಒರೆಸಿದರೆ ಹೋಗುವ ಬರಹ, ಒರೆಸುವವರಿಲ್ಲದಿದ್ದರೆ ತಲೆಮಾರುಗಟ್ಟಲೆ ಕೂತಿತು. ಶೃಂಗೇರಿ ಮಠದ ಕಡತಗಳಿಂದ ವಿದ್ವಾಂಸರು ಚರಿತ್ರೆಯನ್ನೇ ಹೆಕ್ಕಿದರು. ಸಾಗರದ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳಿವೆ. ಅವಕ್ಕೆ ಗೆದ್ದಲು, ಹೊಗೆ, ಮಳೆ ಯಾವುದರ ಭಯವೂ ಕಮ್ಮಿಯೇನಿರಲಿಲ್ಲ. ಅಡಿಕೆ ಎಷ್ಟು ಮಣ, ಮೆಣಸು ಎಷ್ಟು, ಯಾರಿಗೆ ಎಷ್ಟು ಬಾಕಿ ಎಂಬುದನ್ನು ಹುಣಸೆ ಬೀಜದ ಸರಿ ಇಷ್ಟು ಕಾಲ ಕಾಪಾಡಬಲ್ಲದಾದರೆ, ಕಳೆದ ಮಾರ್ಚಿನ ರೀಡಿಂಗನ್ನು ದೀಪಾವಳಿಯವರೆಗೆ ಕಾಪಾಡುವ ಕಾಗದ ನಮಗೆ ಏಕೆ ಸಿಗಬಾರದು? ಬಿಲ್ ಫೋನಿನಲ್ಲೇ ಸಿಗುತ್ತದಲ್ಲ ಎನ್ನುವವರಿದ್ದಾರೆ. ಅವರು ಒಮ್ಮೆ ಆಗುಂಬೆಯ ಮಳೆಯಲ್ಲಿ ಒಂಟಿಮನೆಯ ಹಿಂದಿನ ಗುಡ್ಡ ಹತ್ತಿ, ಕೊಡೆ ಹಿಡಿದು, ನೆಟ್‌ವರ್ಕ್ ಹುಡುಕಿ ಡೌನ್‌ಲೋಡ್ ಮಾಡಿ ತೋರಿಸಲಿ. ಸದ್ಯಕ್ಕೆ ಉಪಾಯ ಒಂದೇ: ಚೀಟಿ ಕೈಗೆ ಬಂದ ದಿನವೇ ಫೋಟೊ ತೆಗೆಯುವುದು, ಇಲ್ಲವೇ ಹಳೆಯ ಪಂಚಾಂಗದ ಹಿಂಬದಿಯಲ್ಲಿ ಪೆನ್ನಿನಿಂದ ತಾರೀಕು ಮತ್ತು ರೀಡಿಂಗ್ ಬರೆಯುವುದು.

ತಾರೀಕು ಏಕೆಂದರೆ, ಎರಡು ತಿಂಗಳ ಬಿಲ್ಲನ್ನು ಪಕ್ಕಪಕ್ಕ ಇಟ್ಟು ಜಗಳಕ್ಕಿಳಿಯುವವರು ದಿನಗಳನ್ನು ಎಣಿಸುವುದೇ ಇಲ್ಲ. ಒಂದು ಬಿಲ್ 33 ದಿನಕ್ಕೆ 90 ಯೂನಿಟ್, ಇನ್ನೊಂದು 28 ದಿನಕ್ಕೆ 78. ದೊಡ್ಡದು ಯಾವುದು? ಭಾಗಿಸಿದರೆ ಮೊದಲಿನದು ದಿನಕ್ಕೆ 2.73, ಎರಡನೆಯದು 2.79. ಚಿಕ್ಕ ಬಿಲ್ಲಿನ ತಿಂಗಳಲ್ಲೇ ಮನೆ ಹೆಚ್ಚು ಉರಿಸಿದೆ. ಬಾಗಿಲು ಹಾಕಿದ್ದ ತಿಂಗಳು ಹಿಂದಿನ ತಿಂಗಳುಗಳ ಸರಾಸರಿ ಬರುತ್ತದೆ. ಮುಂದಿನ ಸಲ ನಿಜವಾದ ರೀಡಿಂಗ್ ತೆಗೆದಾಗ ಅದು ಹೊಂದಿಕೆಯಾಯಿತೇ ಎಂದು ನೋಡಲಿಕ್ಕೂ ಆ ಪಂಚಾಂಗವೇ ಸಾಕ್ಷಿ.

ಉಳಿದ ಸಾಲುಗಳಲ್ಲಿ ಅರ್ಥವಾಗದ್ದೇನೂ ಇಲ್ಲ, ಅರ್ಥವಾಗದ ಹಾಗೆ ಬರೆದಿದ್ದಾರೆ ಅಷ್ಟೆ. ಆರ್‌ಆರ್ ನಂಬರ್ ಎಂದರೆ ರೆವಿನ್ಯೂ ರಿಜಿಸ್ಟರ್ ನಂಬರ್. ಸ್ಥಾವರ ಎಂದರೆ ನಿಮ್ಮ ಮನೆ. ಮಂಜೂರಾದ ಲೋಡ್ ಮೂರು ಕಿಲೋವ್ಯಾಟ್, ಬಳಕೆ ನೂರು ಯೂನಿಟ್ ಎಂದಿಟ್ಟುಕೊಳ್ಳಿ. 2025-26ರ ದರದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145ರಂತೆ 435 ರೂಪಾಯಿ ಆಗಿತ್ತು. ಯೂನಿಟ್ಟಿಗೆ 5.80ರಂತೆ 580. ಅದರ ಮೇಲೆ ಶೇಕಡಾ 9 ತೆರಿಗೆ, 52.20. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ, ಅಂದರೆ 36 ರೂಪಾಯಿ. ಒಟ್ಟು 1103.20. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಸಾಲು ಇದರ ಹೊರಗೆ ತಿಂಗಳಿಗೊಂದು ವೇಷದಲ್ಲಿ ಬರುತ್ತದೆ. ಬೆಂಗಳೂರು ಸೇರಿದ ಮಕ್ಕಳು ಊರಲ್ಲಿ ಬೀಗ ಹಾಕಿಟ್ಟ ಮನೆಗೂ ಆ ನಿಗದಿತ ಶುಲ್ಕ ತಪ್ಪದು, ಅದು ಕರೆಂಟಿನ ಬೆಲೆಯಲ್ಲ, ತಂತಿಯ ಬಾಡಿಗೆ.

ಗೃಹಜ್ಯೋತಿ ಬಂದು 2023ರ ಆಗಸ್ಟ್‌ನಿಂದ ಶೂನ್ಯ ಬಿಲ್ ಶುರುವಾದ ಮೇಲೆ ಚೀಟಿ ಓದುವವರೇ ಇಲ್ಲವಾದರು. ಸೊನ್ನೆಯನ್ನು ಎರಡು ಸಲ ಯಾರು ಓದುತ್ತಾರೆ? ಆದರೆ ಲೆಕ್ಕ ಒಳಗೊಳಗೇ ನಡೆದಿರುತ್ತದೆ. 2022-23ರ ಸರಾಸರಿ 120 ಇದ್ದ ಮನೆಗೆ ಹತ್ತು ಶೇಕಡಾ ಸೇರಿ 132 ಉಚಿತ. 140 ಬಳಸಿದರೆ ಎಂಟು ಯೂನಿಟ್ಟಿನ ದುಡ್ಡು ಕಟ್ಟಿದರೆ ಮುಗಿಯಿತು. ಆದರೆ ಮಿತಿ 200, 201 ಬಳಸಿದರೆ ಅಷ್ಟೂ ಬಿಲ್ ನಿಮ್ಮದೇ. ಒಂದೇ ಯೂನಿಟ್ಟಿನಲ್ಲಿ ಜೋಗದ ಗುಂಡಿಗೆ ಬಿದ್ದ ಹಾಗೆ. ಗೋಡೆಯೊಳಗಿನ ಒದ್ದೆ ವೈರಿನಿಂದ ಕರೆಂಟು ಎರಡು ವರ್ಷದಿಂದ ಭೂಮಿಗೆ ಹರಿಯುತ್ತಿತ್ತು, ಫುಟ್‌ವಾಲ್ವಿನ ವಾಷರ್ ಸವೆದು ಬಾವಿಯ ಪಂಪು ನೀರೆತ್ತದೆ ಗಂಟೆಗಟ್ಟಲೆ ತಿರುಗುತ್ತಿತ್ತು ಎಂಬುದೆಲ್ಲ ಗೊತ್ತಾಗುವುದು ಗುಂಡಿಗೆ ಬಿದ್ದ ಮೇಲೆಯೇ.

ಗ್ಯಾಸಿನ ಚೀಟಿ ಇದಕ್ಕಿಂತ ಚುಟುಕು, ಅಲ್ಲಿ ಓದಬೇಕಾದದ್ದು ಚೀಟಿಯಲ್ಲಲ್ಲ, ಸಿಲಿಂಡರಿನ ಕುತ್ತಿಗೆಯಲ್ಲಿ. ಖಾಲಿ ತೂಕ 15.6 ಕಿಲೋ ಎಂದು ಬರೆದಿದ್ದರೆ 14.2 ಕೂಡಿ ತಕ್ಕಡಿ 29.8 ತೋರಿಸಬೇಕು. ತೂಗಿ ಕೊಡಿ ಎಂದು ಕೇಳುವುದು ಗಿರಾಕಿಯ ಹಕ್ಕು, ಜಿಪುಣತನವಲ್ಲ. 'ಬಿ-27' ಎಂಬುದು 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಸಿಲಿಂಡರಿನ ಪರೀಕ್ಷೆ ಆಗಬೇಕು ಎಂಬ ಗುರುತು. ಬೆಲೆಯಲ್ಲಿ ಶೇಕಡಾ 5 ಜಿಎಸ್‌ಟಿಯೂ ಮನೆಗೆ ತಲುಪಿಸುವ ಕೂಲಿಯೂ ಸೇರಿರುತ್ತವೆ. ಗಾಡಿ ಕ್ರಾಸಿನಲ್ಲೇ ನಿಂತು, ನೀವೇ ಹೊತ್ತುಕೊಂಡು ಹೋಗಿ, ಮೇಲೆ ಕೈಗೆ ಮೂವತ್ತು ರೂಪಾಯಿ ಇಟ್ಟು "ಪಾಪ, ಮಳೆಯಲ್ಲಿ ಬಂದಿದ್ದಾನೆ" ಎನ್ನುವುದು ಬಿಲ್ಲಿನಲ್ಲಿ ಇಲ್ಲದ ಮಲೆನಾಡಿನ ತೆರಿಗೆ. ಮನುಷ್ಯರು ಕೊಟ್ಟುಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಗೋಡೌನಿನಿಂದ ತಾವೇ ತಂದವರಿಗೆ ರಿಯಾಯಿತಿ ಇದೆ ಎಂಬುದನ್ನೂ ಯಾರಾದರೂ ಹೇಳಬೇಕಲ್ಲ.

ಮತ್ತೆ ಆ ಒಂದು ಸಾಲು: ದಿನಕ್ಕೆ ಸರಾಸರಿ ಎಷ್ಟು ಯೂನಿಟ್ ಎಂಬುದು. ಅದು ಚೀಟಿಯಲ್ಲಿ ಬರುವವರೆಗೆ ಮೀಟರಿನ ಕೆಂಪು ದೀಪವನ್ನು ಓದಬಹುದು. ಮುಖಫಲಕದಲ್ಲಿ 3200 ಇಂಪಲ್ಸ್ ಎಂದಿದ್ದರೆ ಅಷ್ಟು ಮಿಣುಕಿಗೆ ಒಂದು ಯೂನಿಟ್. ಕೆಲವದರಲ್ಲಿ 1600 ಇರುತ್ತದೆ, ನೋಡಿಕೊಳ್ಳಿ. ಮೊದಲು ಮೇನ್ ಸ್ವಿಚ್ ಆರಿಸಿ: ಮಿಣುಕು ನಿಲ್ಲಬೇಕು. ನಿಲ್ಲದಿದ್ದರೆ ಮೀಟರಿನದ್ದೋ ಮೇನಿನವರೆಗಿನ ವೈರಿನದ್ದೋ ಕಾಯಿಲೆ, ಅದಕ್ಕೆ ಕೈ ಹಾಕದೆ 1912ಕ್ಕೆ ಫೋನ್ ಮಾಡಿ. ನಿಂತರೆ, ಮನೆಯ ಎಲ್ಲ ಸ್ವಿಚ್ಚು ಆರಿಸಿ ಮೇನ್ ಹಾಕಿ ಒಂದು ನಿಮಿಷ ಎಣಿಸಿ. 3200ರ ಮೀಟರಿನಲ್ಲಿ ನಿಮಿಷಕ್ಕೊಂದು ಮಿಣುಕು ಎಂದರೆ ಸುಮಾರು 19 ವ್ಯಾಟ್, ತಿಂಗಳಿಗೆ ಹದಿಮೂರೂವರೆ ಯೂನಿಟ್. ಟಿವಿಯ ಸೆಟ್‌ಟಾಪ್ ಪೆಟ್ಟಿಗೆ ರಿಮೋಟಿನಲ್ಲಿ ಮಲಗಿದ್ದರೂ ಅಷ್ಟರ ಹತ್ತಿರಕ್ಕೆ ಬರಬಲ್ಲದು. ಇಎಲ್ ಎಂಬ ದೀಪವೂ ಉರಿಯುತ್ತಿದ್ದರೆ ಕರೆಂಟು ಹೋದ ದಾರಿಯಲ್ಲಿ ವಾಪಸು ಬರುತ್ತಿಲ್ಲ, ಭೂಮಿಗೆ ಸೋರುತ್ತಿದೆ, ಒದ್ದೆ ಗೋಡೆಯನ್ನು ಸಂಶಯಿಸಿ. ಎಂಸಿಬಿಗಳನ್ನು, ಅಂದರೆ ಕೋಣೆಕೋಣೆಯ ಕರೆಂಟು ಕಡಿಯುವ ಸ್ವಿಚ್ಚುಗಳನ್ನು, ಒಂದೊಂದಾಗಿ ಇಳಿಸುತ್ತಾ ಹೋಗಿ, ಯಾವುದನ್ನು ಇಳಿಸಿದಾಗ ಮಿಣುಕು ನಿಧಾನವಾಯಿತೋ ಕಳ್ಳ ಆ ಕೋಣೆಯಲ್ಲಿದ್ದಾನೆ.

ಮಳೆಗಾಲದಲ್ಲಿ ಈ ಎಣಿಕೆ ಮುಗಿಯುವುದರೊಳಗೆ ಕರೆಂಟು ಹೋಗುವುದು ಖಂಡಿತ. ಬಂದ ಮೇಲೆ ಮೊದಲಿನಿಂದ ಎಣಿಸಿ, ಆದರೆ ಇನ್ವರ್ಟರಿನ ಪ್ಲಗ್ ಕಿತ್ತಿಟ್ಟು ಎಣಿಸಿ. ಇಲ್ಲದಿದ್ದರೆ ನಿಮಿಷಕ್ಕೆ ಹತ್ತು-ಹನ್ನೆರಡು ಮಿಣುಕು ಆ ಬ್ಯಾಟರಿಯದ್ದೇ ಇರುತ್ತದೆ.