ದೊಡ್ಡಪ್ಪನ ಗೋಣು

ಮೊನ್ನೆಯಿಂದ ನನಗೆ ಕುತ್ತಿಗೆ ನೋವು. ಎಂಆರ್‌ಐ ಆಗಿದ್ದು ಮಾತ್ರ ದೊಡ್ಡಪ್ಪನಿಗೆ. ಗಾಜಿನ ಈಚೆ ನಿಂತು, ಅವರ ತಲೆ ಅಲ್ಲಾಡದಿರಲಿ ಅಂತ ನನ್ನ ತಲೆ ಬಿಗಿಹಿಡಿದು ಬಂದ ನೋವು ಇದು.

ಎದ್ದು ನಿಂತರೆ ತಲೆ ಸುತ್ತುತ್ತೆ ಅಂದಿದ್ದಕ್ಕೆ ತೀರ್ಥಹಳ್ಳಿ ಡಾಕ್ಟ್ರು ಶಿವಮೊಗ್ಗಕ್ಕೆ ಬರೆದುಕೊಟ್ಟಿದ್ದರು. ಮೆದುಳಿನ ಸ್ಕ್ಯಾನು, ಅರ್ಧ ಗಂಟೆ ಕೆಲಸ. ಹನ್ನೊಂದರ ಬಸ್ಸಿಗೆ ವಾಪಸ್ ಅಂತ ಲೆಕ್ಕ ಹಾಕಿದ್ದೆ.

"ಮೈಮೇಲೆ ಲೋಹದ್ದು ಏನಾದ್ರೂ ಇದ್ಯಾ?" ಅಂದರೆ ದೊಡ್ಡಪ್ಪ ಇಲ್ಲ ಅಂತ ತಲೆ ಆಡಿಸಿದರು. ಆಮೇಲೆ ಒಂದೊಂದೇ ಹೊರಬಿತ್ತು. ಬೆಳ್ಳಿ ಉಡಿದಾರ, ಸುಣ್ಣದ ಡಬ್ಬಿ, ಕೊನೆಗೆ ಅಡಕತ್ತರಿ! ಒಳಗಿರೋ ಅಯಸ್ಕಾಂತ 1.5 ಟೆಸ್ಲಾ, ಭೂಮಿಯದ್ದಕ್ಕಿಂತ ಸುಮಾರು 30,000 ಪಟ್ಟು ಜೋರು. ಅಡಕತ್ತರಿ ಹಾರಿಹೋಗಿ ಅದಕ್ಕೆ ಅಂಟಿಕೊಂಡಿದ್ದರೆ, ಅದನ್ನು ಬಿಟ್ಟು ದೊಡ್ಡಪ್ಪ ಊರಿಗೆ ಬರುತ್ತಿರಲಿಲ್ಲ.

ದೊಡ್ಡಪ್ಪ ಬಾಯಿ ಬಿಟ್ಟು ಮಾತಾಡುವುದು ಕಡಿಮೆ. ಐವತ್ತು ವರ್ಷದಿಂದ ಬಾಯಲ್ಲಿ ಎಲೆ ಅಡಿಕೆಯ ಕವಳ. ಬಾಯಿ ಬಿಟ್ಟರೆ ಎದುರಿಗಿದ್ದವರ ಬಿಳಿ ಅಂಗಿಗೆ ಕಷ್ಟ. ಹಾಗಾಗಿ ಹೌದು, ಅಲ್ಲ, ಅನ್ನ ಸಾಕು, ಅಡಿಕೆ ಕೊನೆ ಕೊಯ್ಯುವ ಕೊನೆಗಾರನ ಕೂಲಿ ಜಾಸ್ತಿಯಾಯ್ತು, ಎಲ್ಲವೂ ಗೋಣಿನಲ್ಲೇ. ಸ್ಕ್ಯಾನಿಗೆ ಅಂತ ಕವಳ ಉಗಿದರು. ಗೋಣು ಬಿಡಲಿಲ್ಲ.

ತಲೆಗೊಂದು ಪಂಜರ ಇಟ್ಟು, ಅಕ್ಕಪಕ್ಕ ಸ್ಪಂಜು ತುರುಕಿದರು. ಮೇಲೆ ಕೆಳಗೆ ಆಡೋ ಗೋಣಿಗೆ ಸ್ಪಂಜು ಎಂತ ಮಾಡೀತು?

"ಯಜಮಾನ್ರೇ, ನಾಲ್ಕು ನಿಮಿಷ ತಲೆ ಅಲ್ಲಾಡಿಸಬಾರದು, ಆಯ್ತಾ?" ಮೇಡಂ ಮೈಕಲ್ಲಿ ಕೇಳಿದರು.

ದೊಡ್ಡಪ್ಪ ಯೋಚಿಸಿದರು. ಯೋಚಿಸದೆ ಮಾತು ಕೊಡುವವರಲ್ಲ ಅವರು. ಅಷ್ಟರಲ್ಲಿ ಮಿಷನ್ನು ಕಟಕಟ ಶುರು. ಆಗ ಬಂತು ಉತ್ತರ. ನಿಧಾನಕ್ಕೆ, ಮರ್ಯಾದೆಯಿಂದ, ಒಂದು ಗೋಣು. ತಲೆ ಅಲ್ಲಾಡಿಸೋದಿಲ್ಲ ಅಂತ ತಲೆ ಅಲ್ಲಾಡಿಸಿದರು!

ಪರದೆಯಲ್ಲಿ ಮೆದುಳಿನ ಪಕ್ಕ ಅದರದ್ದೇ ನೆರಳು, ನೆರಳಿಗೊಂದು ನೆರಳು. ತುಂಗೆಗೆ ಕಲ್ಲು ಹಾಕಿದ ಹಾಗೆ. ಮೊಬೈಲ್ ಫೋಟೋ ಥರ ಕ್ಲಿಕ್ ಅಂತ ಮುಗಿಯುವುದಲ್ಲವಂತೆ. ನಿಮಿಷಗಟ್ಟಲೆ ಸಾಲು ಸಾಲಾಗಿ ಸಿಗ್ನಲ್ ಹಿಡಿದು ಕೊನೆಗೆ ಚಿತ್ರ ಕಟ್ಟುತ್ತೆ. ನಡುವೆ ಒಂದು ಗೋಣು ಬಿದ್ದರೂ ಚಿತ್ರವೆಲ್ಲ ಕಲಸಿಹೋಗುತ್ತೆ.

"ಈ ಸಲ ಅಲ್ಲಾಡಿಸಲ್ಲ, ಅಲ್ವಾ?" ಗೋಣು.

"ನಾನು ಹೇಳಿದ್ದು ಕೇಳಿಸ್ತಾ?" ಗೋಣು.

"ಗೋಣು ಆಡಿಸಬೇಡಿ ಅಂದಿದ್ದು ಗೊತ್ತಾಯ್ತಾ?" ಎರಡು ಗೋಣು.

ನಾನು ಬೆಲ್ಟು, ಪರ್ಸು, ಮೊಬೈಲು ಎಲ್ಲ ತೆಗೆದಿಟ್ಟು ಒಳಗೆ ಓಡಿದೆ.

"ದೊಡ್ಡಪ್ಪ, ಸುಮ್ನೆ ಇರಿ ಮಾರ್ರೆ!"

"ಅಲ್ಲ ಅಪ್ಪಿ, ಆ ಹುಡುಗಿ ಅಷ್ಟು ಮರ್ಯಾದೆಯಿಂದ ಕೇಳ್ತಾಳೆ. ನಾನು ಮರದ ಕೊರಡಿನ ಹಾಗೆ ಬಿದ್ಕೊಂಡಿದ್ರೆ ಎಂತ ತಿಳ್ಕೊಳ್ತಾಳೆ?"

ಹನ್ನೊಂದರ ಬಸ್ಸು ಹೋಯಿತು. ಹೊರಗೆ ಕಾಯುತ್ತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು, ನಾನೇ ಅಲ್ಲಾಡಿದ ಹಾಗೆ. ಸಿಟ್ಟು ನೆತ್ತಿಗೇರಿತ್ತು.

ಆದರೆ ಗಾಜಿನಾಚೆ ಅವರ ಎರಡು ಪಾದ ಮಾತ್ರ ಕಾಣುತ್ತಿತ್ತು. ತೋಟದ ಕೆಸರಿಗೆ ಹಿಮ್ಮಡಿ ಒಡೆದ ಪಾದ. ಅಪ್ಪ ಹೋದ ವರ್ಷ, ಶಿವಮೊಗ್ಗದಲ್ಲಿ ಕಾಲೇಜು ಸೇರಲಾ ಅಂತ ಹೆದರಿ ಹೆದರಿ ಕೇಳಿದ್ದೆ. ದೊಡ್ಡಪ್ಪ ಅಡಿಕೆ ಹೆಚ್ಚುತ್ತಾ ಒಂದು ಗೋಣು ಹಾಕಿದ್ದರು, ಅಷ್ಟೇ. ಮೂರು ವರ್ಷವೂ ಫೀಸು ಒಂದು ದಿನ ತಡವಾಗಲಿಲ್ಲ.

ಕೊನೆಗೆ ನಾನೇ ಹೇಳಿದೆ, "ಮೇಡಂ, ಅವರನ್ನ ಏನೂ ಕೇಳಬೇಡಿ." ಅವರು ಮೈಕ್ ಮುಟ್ಟಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ವಯಸ್ಸಿಗೆ ತಕ್ಕ ಹಾಗಿದೆ, ಗಾಬರಿ ಬೇಡ ಅಂದರು ಡಾಕ್ಟ್ರು.

ಎರಡೂವರೆ ಬಸ್ಸು ಮಂಡಗದ್ದೆಯಲ್ಲಿ ನಿಂತಿತು. ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ದೊಡ್ಡಪ್ಪ, ಇಳಿದು ಒಂದು ಕಾಫಿ ಕುಡಿಯೋಣ್ವಾ?"

ಬಾಯಿ ತುಂಬ ಕವಳ. ಕಣ್ಣು ನೆಟ್ಟಗೆ ಮುಂದಕ್ಕೆ. ತಲೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಬಸ್ಸು ಹೊರಟಿತು.