ನಕ್ಷತ್ರಿಕನ ಡಿಸ್ಕೌಂಟ್

ಮೊನ್ನೆ ಬೆಳಿಗ್ಗೆ ಬೆಳಿಗ್ಗೆನೇ ಮೊಬೈಲ್‌ಗೆ ಒಂದು ಮೆಸೇಜ್ ಬಂತು, ನಿಮಗೂ ಬಂದಿರತ್ತೆ ಬಿಡಿ, "ಇಡೀ ಸ್ಟೋರ್ ಮೇಲೆ 60 ಪರ್ಸೆಂಟ್ ಆಫ್" ಅಂತ. ಆ ಆಫ್ ಪಕ್ಕದಲ್ಲಿ ಒಂದು ಪುಟಾಣಿ ನಕ್ಷತ್ರ ಇತ್ತಂತೆ. ಇತ್ತಂತೆ ಅಂದ್ರೆ ನಾನು ನೋಡ್ಲಿಲ್ಲ, ಆಮೇಲೆ ಕೌಂಟರಲ್ಲಿ ತೋರಿಸಿದ್ರು. ಸ್ಕ್ರೀನ್ ಮೇಲೆ ಏನೋ ಧೂಳು ಕೂತಿದೆ ಅಂದ್ಕೊಂಡು ನಾನು ಅದನ್ನ ಶರ್ಟಿನ ತುದೀಲಿ ಒರೆಸಿದ್ದೆ.

ನಮಗೆ ಒಂದು ಸೂಟ್‌ಕೇಸ್ ಬೇಕಾಗಿತ್ತು. ಹಳೇದರ ಒಂದು ಚಕ್ರ ಕಿತ್ತೋಗಿ ಅದು ಕುಂಟ್ಕೊಂಡು ಬರತ್ತೆ, ಎಳ್ಕೊಂಡು ಹೋಗ್ತಿದ್ರೆ ಜನ ನನ್ನ ಮುಖ ನೋಡಿ ಅಯ್ಯೋ ಪಾಪ ಅಂತಾರೆ. ಸರಿ, ಹೋದೆ. ಬಾಗಿಲಲ್ಲಿ ನನ್ನೆತ್ತರದ 60, ಚಾವಣಿಯಿಂದ ನೇತಾಡೋ 60, ಎಸ್ಕಲೇಟರ್ ಮೆಟ್ಟಿಲ ಮೇಲೂ 60, ಟ್ರಯಲ್ ರೂಮ್ ಕನ್ನಡಿ ಮೇಲೂ 60. ಷಷ್ಟಿಪೂರ್ತಿ ಮಂಟಪಕ್ಕೆ ಬಂದ್ನೇನೋ ಅನ್ನಿಸ್ತು. ಒಳ್ಳೆ ಸೂಟ್‌ಕೇಸ್ ಆರಿಸಿ, ಅದರ ನಾಲ್ಕೂ ಚಕ್ರ ತಿರುಗಿಸಿ ನೋಡಿ, ಅರ್ಧ ಗಂಟೆ ಕ್ಯೂನಲ್ಲಿ ನಿಂತು ನನ್ನ ಸರದಿ ಬಂದಾಗ ಆ ಹುಡುಗಿ ಬೀಪ್ ಅನ್ನಿಸಿ ಪೂರ್ತಿ ರೇಟ್ ಹೇಳಿದ್ಲು.

"ಅಲ್ಲಮ್ಮಾ, 60 ಪರ್ಸೆಂಟ್?"

"ಸರ್, ಲಗೇಜ್ ಆಫರಲ್ಲಿ ಬರಲ್ಲ."

"ಇಡೀ ಸ್ಟೋರ್ ಅಂತ ಹಾಕಿದೀರಲ್ಲ?"

"ಹೌದು ಸರ್. ಲಗೇಜ್ ಬಿಟ್ಟು ಇಡೀ ಸ್ಟೋರ್."

"ಹಾಗಾದ್ರೆ ಶೂ?"

"ಬ್ರ್ಯಾಂಡೆಡ್ ಬರಲ್ಲ ಸರ್."

"ಬಟ್ಟೆ?"

"ಹೊಸ ಸ್ಟಾಕ್ ಬರಲ್ಲ."

"ಹಳೇ ಸ್ಟಾಕ್?"

"ಅದು ಆಗ್ಲೇ ಆಫರಲ್ಲಿದೆ ಸರ್. ಆಫರ್ ಮೇಲೆ ಆಫರ್ ಬರಲ್ಲ."

ಹೊಸದು ಹೊಸದಾಗಿರೋದ್ರಿಂದ ಇಲ್ಲ, ಹಳೇದು ಹಳೇದಾಗಿರೋದ್ರಿಂದ ಇಲ್ಲ. ಹಗಲಲ್ಲೂ ಬೇಡ ರಾತ್ರೀಲೂ ಬೇಡ, ಒಳಗೂ ಬೇಡ ಹೊರಗೂ ಬೇಡ, ಮನುಷ್ಯನಿಂದಲೂ ಬೇಡ ಪ್ರಾಣಿಯಿಂದಲೂ ಬೇಡ ಅಂತ ಹಿರಣ್ಯಕಶಿಪು ವರ ಕೇಳಿದ್ನಲ್ಲ, ಆ ವಂಶದೋರು ಯಾರೋ ಈ ಕಂಪನಿಗಳ ಲೀಗಲ್ ಡಿಪಾರ್ಟ್‌ಮೆಂಟಲ್ಲಿ ಕೆಲಸಕ್ಕೆ ಸೇರಿದಾರೆ, ಅನುಮಾನವೇ ಬೇಡ. ಅವನು ಇನ್ನೂ ಹೊಸಬ, ಹೊಸಿಲು ಮತ್ತೆ ಸಂಜೆ ಹೊತ್ತು ಎರಡನ್ನೂ ಷರತ್ತಲ್ಲಿ ಸೇರಿಸೋದು ಮರ್ತ. ಇವರು ಮರೆಯಲ್ಲ. "ಕಂಬದಿಂದ ಬಂದವರಿಗೆ ಆಫರ್ ಅನ್ವಯಿಸುವುದಿಲ್ಲ" ಅಂತ ಕೆಳಗೆ ಇರುವೆ ಸಾಲಿನ ಥರ ಅಕ್ಷರದಲ್ಲಿ ಬರ್ದಿರ್ತಾರೆ.

ಈ ನಕ್ಷತ್ರದ ವಿಷಯ ಸ್ವಲ್ಪ ಹೇಳ್ಬೇಕು. ಪಾಪ, ಇದು ಒಳ್ಳೆ ಮನೆತನದ ಗುರುತು ಕಣ್ರೀ. ಎರಡು ಸಾವಿರ ವರ್ಷಕ್ಕೂ ಹಿಂದೆ ಅಲೆಕ್ಸಾಂಡ್ರಿಯಾದಲ್ಲಿ ಅರಿಸ್ಟಾರ್ಕಸ್ ಅಂತ ಒಬ್ಬ ಪಂಡಿತ ಹೋಮರನ ಕಾವ್ಯ ಪರಿಷ್ಕರಿಸುವಾಗ ಕೆಲವು ಸಾಲುಗಳ ಪಕ್ಕ ಇದನ್ನ ಹಾಕ್ತಿದ್ದ, ಓದೋರೇ ಇಲ್ಲಿ ಒಂಚೂರು ನಿಂತು ನೋಡಿ ಅಂತ. ಗ್ರೀಕಲ್ಲಿ ಆಸ್ಟೆರಿಸ್ಕೋಸ್ ಅಂದ್ರೆ ಪುಟ್ಟ ನಕ್ಷತ್ರ ಅಂತಾನೇ ಅರ್ಥ. ಅಂದ್ರೆ ಅದು ಹುಟ್ಟಿದ್ದು ಓದುಗನ ಕಣ್ಣು ನಿಲ್ಲಿಸೋಕೆ, ಈಗ ಕೆಲಸ ಮಾಡ್ತಿರೋದು ಕಣ್ಣು ನಿಲ್ದೇ ಇರೋ ಹಾಗೆ ನೋಡ್ಕೊಳೋಕೆ. ನಮ್ಮಲ್ಲಿ ಇದಕ್ಕೆ ಇನ್ನೂ ಸರಿಯಾದ ಹೆಸರು ರೆಡಿ ಇದೆ, ಯಾರೂ ಬಳಸ್ತಿಲ್ಲ ಅಷ್ಟೇ. ಹರಿಶ್ಚಂದ್ರನ ಬೆನ್ನು ಬಿದ್ದು ದಾರಿಯುದ್ದಕ್ಕೂ ಕಾಡಿದ್ನಲ್ಲ, ನಕ್ಷತ್ರಿಕ. ಜಾಹೀರಾತಲ್ಲಿ ಹರಿಶ್ಚಂದ್ರನ ಥರ ನಿಂತ್ಕೊಂಡು "ಇಡೀ ಸ್ಟೋರ್" ಅಂತ ಮಾತು ಕೊಡೋದು, ಹಿಂದೆ ನಕ್ಷತ್ರಿಕನ್ನ ಬಿಡೋದು. ಒಂದೇ ವ್ಯತ್ಯಾಸ, ಅಲ್ಲಿ ಕಾಟ ಮಾತು ಕೊಟ್ಟೋನಿಗಿತ್ತು, ಇಲ್ಲಿ ಮಾತು ಕೇಳಿಸ್ಕೊಂಡೋನಿಗೆ.

ಆದ್ರೆ ಒಂದು ಮಾತು ಒಪ್ಕೋಬೇಕು, ಷರತ್ತು ಬರೆಯೋರ ಪ್ರತಿಭೆ ದೊಡ್ಡದು. ಇವತ್ತು ಕವಿತೆ ಬರೆಯೋರು ಒಂದು ಪದ ಮೂರು ಅರ್ಥ ಕೊಟ್ರೆ ಬೀಗ್ತಾರೆ, ಈ ಅನಾಮಿಕ ಸಾಹಿತಿಗಳು "ಆಯ್ದ ವಸ್ತುಗಳು" ಅನ್ನೋ ಎರಡೇ ಪದದಲ್ಲಿ ಇಡೀ ಅಂಗಡೀನ ಮಾಯ ಮಾಡ್ತಾರೆ. ಆರಿಸಿದ್ದು ಯಾರು? ಯಾವಾಗ? ಗೊತ್ತಿಲ್ಲ. ಅದು ವಿಧಿ ಥರ, ಹಣೇಲಿ ಬರ್ದಿರತ್ತೆ, ಬಿಲ್ಲಿಂಗಲ್ಲಿ ಗೊತ್ತಾಗತ್ತೆ. ಇನ್ನು "ವರೆಗೆ". 70 ಪರ್ಸೆಂಟ್ ವರೆಗೆ. ಇದು ಸುಳ್ಳಲ್ಲ ನೋಡಿ, ಸೊನ್ನೆಯಿಂದ ಶುರುವಾದ ಪ್ರಯಾಣ ಎಲ್ಲಿ ನಿಂತ್ರೂ ಅದು 70ರ ವರೆಗಿನ ದಾರೀಲೇ ಇರತ್ತೆ. ಆ ಲೆಕ್ಕದಲ್ಲಿ ನಾನೂ ಚಂದ್ರನ ವರೆಗೆ ಹೈಜಂಪ್ ಮಾಡ್ತೀನಿ, ಷರತ್ತುಗಳು ಅನ್ವಯ. ಇಂಗ್ಲಿಷಲ್ಲಾದ್ರೆ ಈ ಎಚ್ಚರಿಕೆ ಅಂಕಿಗಿಂತ ಮುಂಚೆ ಬರತ್ತೆ, ಕನ್ನಡದಲ್ಲಿ ವರೆಗೆ ಅನ್ನೋದು ಅಂಕಿ ಆದ್ಮೇಲೆ ಬರತ್ತೆ, ಹಾಗಾಗಿ ಅದನ್ನ ಓದೋ ಹೊತ್ತಿಗೆ ನಾವಾಗ್ಲೇ ಅಂಗಡಿ ಒಳಗಿದ್ದು ಬುಟ್ಟಿ ಹಿಡ್ಕೊಂಡಿರ್ತೀವಿ. ವ್ಯಾಕರಣ ಕೂಡ ಅವರ ಕಡೆ.

ಗಣಿತವಂತೂ ಕೇಳಲೇಬೇಡಿ. "50 ಪ್ಲಸ್ 20" ಅಂತ ಬೋರ್ಡ್. ಒಂದನೇ ಕ್ಲಾಸಿನ ಮಗು ಕೂಡ 70 ಅನ್ನತ್ತೆ. ಅಲ್ಲ, ಅದು 60. ನೂರರಲ್ಲಿ 50 ಹೋಯ್ತು, ಉಳಿದ 50ಕ್ಕೆ 20 ಪರ್ಸೆಂಟ್ ಅಂದ್ರೆ 10, ಅಲ್ಲಿಗೆ ಕಳೆದದ್ದು 60. ಹೀಗೇ "50 ಪ್ಲಸ್ 50" ಅಂತ ಹಾಕಿದ್ರೆ ಪುಕ್ಕಟೆ ಅಂದ್ಕೊಂಡು ಓಡಬೇಡಿ, ಅದು 75. ಕೂಡೋ ಚಿಹ್ನೆ ಹಾಕಿ ಗುಣಿಸೋ ಲೆಕ್ಕ ಮಾಡೋದು, ಪರೀಕ್ಷೇಲಿ ಹೀಗೆ ಮಾಡಿದ್ರೆ ನಮ್ಮ ಮೇಷ್ಟ್ರು ಬೆಂಚ್ ಮೇಲೆ ನಿಲ್ಲಿಸ್ತಿದ್ರು, ಇಲ್ಲಿ ಮಾರ್ಕೆಟಿಂಗ್ ಮ್ಯಾನೇಜರ್ ಮಾಡ್ತಾರೆ. ಎರಡು ಕೊಂಡ್ರೆ ಒಂದು ಫ್ರೀ ಅಂದ್ರೂ ಅಷ್ಟೇ, ಹೆಚ್ಚಂದ್ರೆ 33 ಪರ್ಸೆಂಟ್, ಅದೂ ಮೂರೂ ಒಂದೇ ರೇಟಿಂದಾಗಿದ್ರೆ. ಇಲ್ಲಾಂದ್ರೆ ಅತಿ ಕಡಿಮೆ ರೇಟಿಂದೇ ಫ್ರೀ. ಅಂದ್ರೆ ಒಂದು ಬೇಕಾಗಿದ್ದೋನು ಎರಡಕ್ಕೆ ದುಡ್ಡು ಕೊಟ್ಟು, ಮೂರು ಹೊತ್ಕೊಂಡು, ಉಳಿತಾಯ ಮಾಡ್ದೆ ಅಂತ ಮನೆಗೆ ಬರ್ತಾನೆ.

ಆನ್‌ಲೈನಲ್ಲಿ ಕ್ಯೂ ಇಲ್ವಲ್ಲ ಅಂತೀರಾ, ಅಲ್ಲಿ ಗಡಿಯಾರ ಇದೆ. "ಆಫರ್ ಮುಗಿಯಲು 9 ನಿಮಿಷ 59 ಸೆಕೆಂಡ್". ಎದೆ ಡವಡವ ಅನ್ನತ್ತೆ. ಪೇಜ್ ರಿಫ್ರೆಶ್ ಮಾಡಿ ನೋಡಿ, ಮತ್ತೆ 9 ನಿಮಿಷ 59 ಸೆಕೆಂಡ್. ನಮ್ಮ ಆಯಸ್ಸಿಗೂ ಇಂಥದೊಂದು ಬಟನ್ ಇದ್ದಿದ್ರೆ.

ಈ ಷರತ್ತಿನ ಆಟ ಒಂದ್ಸಲ ತಿರುಗುಬಾಣ ಆಗಿದ್ದೂ ಉಂಟು, ಆ ಕಥೆ ನೆನೆಸ್ಕೊಂಡಾಗ್ಲೆಲ್ಲ ನನಗೆ ಸ್ವಲ್ಪ ಸಮಾಧಾನ ಆಗತ್ತೆ. 1992ರಲ್ಲಿ ಬ್ರಿಟನ್ನಿನ ಹೂವರ್ ಕಂಪನಿ, ವ್ಯಾಕ್ಯೂಮ್ ಕ್ಲೀನರ್ ವಾಷಿಂಗ್ ಮೆಷಿನ್ ಮಾಡ್ತಿದ್ರಲ್ಲ ಅವರೇ, 100 ಪೌಂಡಿಗಿಂತ ಹೆಚ್ಚಿಗೆ ಖರೀದಿ ಮಾಡಿ, ಎರಡು ವಿಮಾನ ಟಿಕೆಟ್ ಫ್ರೀ ಅಂದ್ರು. ಮೊದಲು ಯುರೋಪಿಗೆ, ಆಮೇಲೆ ಅಮೆರಿಕಕ್ಕೂ. ಅವರ ಲೆಕ್ಕ ಏನಪ್ಪಾ ಅಂದ್ರೆ ಆ ಫಾರ್ಮು ಈ ಫಾರ್ಮು, ಈ ತಾರೀಖು ಆ ಏರ್‌ಪೋರ್ಟು ಅಂತ ತಿರುಗಿಸಿದ್ರೆ ಜನ ಸುಸ್ತಾಗಿ ಬಿಟ್ಬಿಡ್ತಾರೆ ಅಂತ. ಜನ ಬಿಡ್ಲಿಲ್ಲ! ಮನೇಲಿ ಕಸ ಇದ್ಯೋ ಇಲ್ವೋ, ಎಲ್ಲರೂ ವ್ಯಾಕ್ಯೂಮ್ ಕ್ಲೀನರ್ ಕೊಂಡ್ರು, ಫಾರ್ಮೂ ತುಂಬಿದ್ರು, ಕೋರ್ಟಿಗೂ ಹೋದ್ರು, ಕಂಪನಿಗೆ ಸುಮಾರು 5 ಕೋಟಿ ಪೌಂಡ್ ಬರೆ ಬಿತ್ತು. ನನಗೆ ಅದಕ್ಕಿಂತ ಇಷ್ಟ ಆಗೋದು ಒಬ್ಬ ಕುದುರೆ ಪಳಗಿಸೋ ಆಸಾಮಿ ಕಥೆ. ಟಿಕೆಟ್ ಆಸೆಗೆ ವಾಷಿಂಗ್ ಮೆಷಿನ್ ಕೊಂಡಿದ್ದ, ಟಿಕೆಟ್ ಬರ್ಲಿಲ್ಲ, ಮೆಷಿನ್ ಕೆಡ್ತು, ರಿಪೇರಿಗೆ ಬಂದೋನು ಮೆಷಿನ್ ಕೊಂಡ್ರೆ ಅಮೆರಿಕಕ್ಕೆ ಕಳಿಸ್ತಾರೆ ಅಂತ ನಂಬಿದ್ರೆ ನೀನು ದಡ್ಡ ಅನ್ನೋ ಅರ್ಥ ಬರೋ ಹಾಗೆ ಏನೋ ಅಂದ. ಈತ ಏನೂ ಮಾತಾಡದೆ ತನ್ನ ಕುದುರೆ ಸಾಗಿಸೋ ಗಾಡಿ ತಂದು ಕಂಪನಿ ವ್ಯಾನಿಗೆ ಅಡ್ಡ ನಿಲ್ಲಿಸಿಬಿಟ್ಟ. ದಿನಗಟ್ಟಲೆ ವ್ಯಾನ್ ಅಲ್ಲೇ. ಆ ವ್ಯಾನ್ ವಾಪಸಾತಿಗೂ ಏನಾದ್ರೂ ಷರತ್ತು ಅನ್ವಯ ಅಂತ ಚೀಟಿ ಅಂಟಿಸಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.

ನನ್ನ ಹತ್ರ ಕುದುರೆ ಗಾಡಿ ಇಲ್ಲ, ಕುಂಟೋ ಸೂಟ್‌ಕೇಸ್ ಇದೆ.

ಆಮೇಲೆ, ಪ್ರಾಮಾಣಿಕವಾಗಿರಿ ಅಂತ ಅಂಗಡಿಯವರಿಗೆ ಹೇಳೋಕೆ ನಮಗೆ ಮುಖ ಇದ್ಯಾ ಅನ್ನೋದೂ ಒಂದು ಪ್ರಶ್ನೆ. 2011ರ ಕೊನೇಲಿ ಅಮೆರಿಕದ ಜೆಸಿ ಪೆನ್ನಿ ಅನ್ನೋ ದೊಡ್ಡ ಸ್ಟೋರಿಗೆ ಆಪಲ್ ಮಳಿಗೆಗಳನ್ನ ಕಟ್ಟಿದ ರಾನ್ ಜಾನ್ಸನ್ ಬಾಸ್ ಆಗಿ ಬಂದು, ಮರುವರ್ಷ ಈ ಕೂಪನ್ ಬೇಡ, ಸುಳ್ಳು ಸೇಲ್ ಬೇಡ, ದಿನಾ ನ್ಯಾಯವಾದ ಒಂದೇ ರೇಟ್ ಅಂದ. ಜನ ಏನ್ ಮಾಡಿದ್ರು? ಓಡಿಹೋದ್ರು. ಒಂದೇ ವರ್ಷದಲ್ಲಿ ವ್ಯಾಪಾರ ಕಾಲು ಭಾಗ ಬಿದ್ದೋಯ್ತು, 2013ರ ಏಪ್ರಿಲಲ್ಲಿ ಆತನ್ನ ಮನೆಗೆ ಕಳಿಸಿದ್ರು, ಕೂಪನ್ ವಾಪಸ್ ಬಂತು. ಸುಳ್ಳು ರೇಟಿನ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಇನ್ನೊಂದು ಅಂಕಿ ಬರೆದಾಗ ಆಗೋ ಸಂತೋಷ ಇದ್ಯಲ್ಲ, ಅದು ನಿಜವಾದ ಅಂಕಿ ನೋಡಿದ್ರೆ ಆಗಲ್ಲ. ನಮ್ಮ ಈ ಚಟ ಅಂಗಡಿಯೋರಿಗೆ ಚೆನ್ನಾಗಿ ಗೊತ್ತು.

ಕಾನೂನಿಲ್ಲ ಅಂತೇನಲ್ಲ. ಯುರೋಪ್ ಒಕ್ಕೂಟದಲ್ಲಿ 2022ರ ಮೇ ತಿಂಗಳಿಂದ ರೇಟ್ ಇಳಿಸಿದೀವಿ ಅಂತ ಬೋರ್ಡ್ ಹಾಕೋ ಅಂಗಡಿ, ಅದಕ್ಕೆ ಹಿಂದಿನ 30 ದಿನದಲ್ಲಿ ಅತಿ ಕಡಿಮೆ ರೇಟ್ ಎಷ್ಟಿತ್ತು ಅಂತಾನೂ ತೋರಿಸ್ಬೇಕು, ಹಿಂದಿನ ವಾರ ಏರಿಸಿ ಈ ವಾರ ಇಳಿಸೋ ಆಟ ನಡೀಬಾರ್ದು ಅಂತ. ಭಾರತದಲ್ಲೂ ಅದೇ ವರ್ಷ ಜೂನಲ್ಲಿ ದಾರಿ ತಪ್ಪಿಸೋ ಜಾಹೀರಾತಿನ ಬಗ್ಗೆ ಮಾರ್ಗಸೂಚಿ ಬಂತು, ಷರತ್ತಿನ ಫಾಂಟ್ ಮುಖ್ಯ ಮಾತಿನ ಫಾಂಟೇ ಆಗಿರ್ಬೇಕು, ಮೇಲೆ ಹೇಳಿದ್ದಕ್ಕೆ ಕೆಳಗಿನ ಷರತ್ತು ವಿರುದ್ಧ ಇರ್ಬಾರ್ದು ಅಂತ. 2023ರಲ್ಲಿ ಆನ್‌ಲೈನಿನ 13 ಥರದ ಡಾರ್ಕ್ ಪ್ಯಾಟರ್ನ್‌ಗಳ, ಅಂದ್ರೆ ಗ್ರಾಹಕರನ್ನ ಯಾಮಾರಿಸೋ ತಂತ್ರಗಳ, ಪಟ್ಟಿನೂ ಬಂತು, ಆ ಸುಳ್ಳು ಗಡಿಯಾರ ಅದರಲ್ಲಿದೆ. ಚೆನ್ನಾಗಿದೆ, ಓದೋಕೆ. ಬಾಗಿಲಲ್ಲಿ 60 ನನ್ನೆತ್ತರ ಇದ್ಯಲ್ಲ, ಷರತ್ತನ್ನೂ ನನ್ನೆತ್ತರಕ್ಕೆ ಬರೀತಾ ಹೋದ್ರೆ ಗೋಡೆ ಸಾಲಲ್ಲ, ಪಕ್ಕದ ಬಿಲ್ಡಿಂಗ್ ಬಾಡಿಗೆಗೆ ತಗೋಬೇಕು.

ಇಷ್ಟು ಹೊತ್ತು ನಗ್ತಾ ಬರ್ದೆ, ಆದ್ರೆ ನಿಜ ಹೇಳ್ಬೇಕಂದ್ರೆ ಆ ಕೌಂಟರ್ ಮುಂದೆ ನಗು ಬರ್ಲಿಲ್ಲ. ಹಿಂದೆ ಹನ್ನೆರಡು ಜನ. ಒಬ್ರು ವಾಚ್ ನೋಡ್ಕೊಂಡು ತ್ಚು ಅಂದ್ರು. ಬೇಡಮ್ಮಾ ವಾಪಸ್ ತಗೋ ಅಂತ ಹೇಳೋ ಒಂದೇ ಮಾತು ಗಂಟಲಲ್ಲಿ ಸಿಕ್ಕಾಕ್ಕೊಳತ್ತೆ, ಯಾಕಂದ್ರೆ ಹಾಗಂದ ತಕ್ಷಣ ನಾವು ದುಡ್ಡಿಲ್ದೋರು, ಜಿಪುಣರು, ಬೋರ್ಡ್ ಓದೋಕೆ ಬರ್ದೋರು. ಈ ವ್ಯಾಪಾರ ಪೂರ್ತಿ ನಿಂತಿರೋದು ಆ ಎರಡು ನಿಮಿಷದ ನಾಚಿಕೆ ಮೇಲೆ. ಷರತ್ತನ್ನ ಬಾಗಿಲಲ್ಲೇ ಹೇಳಿದ್ರೆ ನಾನು ಹಾಗೇ ತಿರುಗಿ ಹೋಗ್ತಿದ್ದೆ, ಕೌಂಟರಲ್ಲಿ ಹೇಳಿದ್ರೆ ಹತ್ತರಲ್ಲಿ ಎಷ್ಟೋ ಜನ ಹೋಗ್ಲಿ ಬಿಡು ಹಾಕು ಅಂತಾರೆ, ಅದು ಅವರಿಗೆ ಗೊತ್ತು, ಗೊತ್ತಿದ್ದೇ ಮಾಡ್ತಾರೆ. ಮರೆತು ಬಿಟ್ಟಿದ್ದಲ್ಲ, ಜಾಗ ಸಾಲ್ದೆ ಚಿಕ್ಕದಾಗಿ ಬರ್ದಿದ್ದಲ್ಲ. ಜಾಗ ಸಾಲ್ಲಿಲ್ವಂತೆ! 60 ಅಂತ ಬರೆಯೋಕೆ ಎರಡು ಮಹಡಿ ಸಿಕ್ತಲ್ಲ. ಬಡ್ಡೀಮಕ್ಳು.

ಇನ್ನೊಂದು, ಆ ಹುಡುಗಿ. ಅವಳು ಬರ್ದಿದ್ದಾ ಆ ಷರತ್ತು? ಬೆಳಿಗ್ಗೆಯಿಂದ ನಿಂತಿದಾಳೆ, ನನ್ನಂಥ ಎಷ್ಟು ಜನ ಅವಳ ಮೇಲೆ ಕೂಗಾಡಿರ್ತಾರೋ. ನಾನೂ ಒಂದ್ಸಲ ದನಿ ಏರಿಸ್ದೆ, ಸುಳ್ಳು ಹೇಳಲ್ಲ. "ಸಿಸ್ಟಮ್ ತಗೋತಿಲ್ಲ ಸರ್" ಅಂತ ಮೆಲ್ಲಗೆ ಅಂದ್ಲು. ಸಿಸ್ಟಮ್! ಅದೇ ಸಿಸ್ಟಮ್ ಬೆಳಿಗ್ಗೆ ಆರು ಗಂಟೆಗೆ ನನ್ನ ಹೆಸರು ಹಿಡ್ದು ಕರ್ದು ಮೆಸೇಜ್ ಕಳಿಸ್ತು, ಆಗ ಎಲ್ಲಾ ತಗೋತಿತ್ತು. ಆಫರ್ ಯೋಚನೆ ಮಾಡಿದೋರು ಎಸಿ ರೂಮಲ್ಲಿ, ಬೈಗುಳ ತಿನ್ನೋಳು ಇವಳು. ಮ್ಯಾನೇಜರ್ ಕರೀರಿ ಅಂದ್ರೆ ಮ್ಯಾನೇಜರ್ ಊಟಕ್ಕೆ ಹೋಗಿದಾರೆ, ಪ್ರಪಂಚದ ಎಲ್ಲಾ ಮ್ಯಾನೇಜರ್‌ಗಳೂ ಸದಾ ಊಟಕ್ಕೇ ಹೋಗಿರ್ತಾರೆ.

ಕೊನೆಗೆ ಕೇಳ್ದೆ, "ಹೋಗ್ಲಿ, 60 ಪರ್ಸೆಂಟ್ ಯಾವುದಕ್ಕಾದ್ರೂ ಇದ್ಯೇನಮ್ಮಾ?" ಅವಳು ಕೈ ಮಾಡಿ ತೋರಿಸಿದ್ಲು. ಲಿಫ್ಟ್ ಹಿಂದೆ ಒಂದು ತಂತಿ ಬುಟ್ಟಿ. ಮೂರು ಛತ್ರಿ, ಒಂದರ ಕಡ್ಡಿ ಮುರಿದಿತ್ತು, ಒಂದು ರಾಶಿ ಸಾಕ್ಸ್. ಇಡೀ ಸ್ಟೋರ್ ಅಲ್ಲಿತ್ತು.

ಸೂಟ್‌ಕೇಸ್ ಅಲ್ಲೇ ಬಿಟ್ಟು ಬಂದೆ, ಅಷ್ಟಾದ್ರೂ ಮಾನ ಉಳಿಸ್ಕೊಂಡೆ. ಆದ್ರೆ ಅರ್ಧ ಗಂಟೆ ಕ್ಯೂ ನಿಂತು ಖಾಲಿ ಕೈಲಿ ಬರೋಕೆ ಮನಸ್ಸು ಬರ್ಲಿಲ್ಲ, ಆಫರ್ ಇದ್ಯಲ್ಲಾ ಅಂತ ಆರು ಜೊತೆ ಸಾಕ್ಸ್ ತಂದೆ. ಮನೇಲಿ ಬಿಚ್ಚಿ ನೋಡಿ ನಮ್ಮನೆಯವಳು "ಇದು ಮೂರು ವರ್ಷದ ಮಗು ಸೈಜ್ ಕಣ್ರೀ, ಯಾರಿಗೆ?" ಅಂದ್ಲು. ನಮ್ಮನೇಲಿ ಅತಿ ಚಿಕ್ಕವಳು ಮಗಳು, ಅವಳಿಗೆ ಇಪ್ಪತ್ತೆರಡು. ಸರಿ, ವಾಪಸ್ ಕೊಟ್ಟು ಬರೋಣ ಅಂತ ಬಿಲ್ ತೆಗ್ದೆ. ಕೆಳಗೆ ಪುಟಾಣಿ ನಕ್ಷತ್ರ. ಈ ಸಲ ಒರೆಸ್ಲಿಲ್ಲ, ಮಗಳ ಕೈಲಿ ಫೋಟೋ ತೆಗೆಸಿ ಎರಡು ಬೆರಳಲ್ಲಿ ಎಳೆದೆಳೆದು ದೊಡ್ಡದು ಮಾಡಿ ಓದ್ದೆ: ಆಫರ್‌ನಲ್ಲಿ ಕೊಂಡ ವಸ್ತುಗಳನ್ನು ಹಿಂಪಡೆಯಲಾಗುವುದಿಲ್ಲ.