ಫ್ರಿಜ್ಜಿನ ಬೆನ್ನು

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆಯೊಬ್ಬರು ಬಾಗಿಲು ತಟ್ಟಿದರು. ಗುಲಾಬಿ ಸೀರೆ, ಕಂಕುಳಲ್ಲಿ ರಿಜಿಸ್ಟರು, ಕೈಯಲ್ಲಿ ಟಾರ್ಚು. ಡೆಂಗಿ ಸಮೀಕ್ಷೆ ಅಂದರು. ನಾನು ಉತ್ಸಾಹದಿಂದ ಹೂವಿನ ಕುಂಡ ತೋರಿಸಿದೆ, ಬಚ್ಚಲಿನ ಡ್ರಮ್ಮು ತೋರಿಸಿದೆ. ಡ್ರಮ್ಮಿಗೆ ಮುಚ್ಚಳ ಇತ್ತು, ಮುಚ್ಚಳದ ಮೇಲೆ ಕಲ್ಲೂ ಇತ್ತು. ಫಸ್ಟ್ ಕ್ಲಾಸಲ್ಲಿ ಪಾಸಾದವಳ ಹಾಗೆ ನಿಂತಿದ್ದೆ.

"ಅಕ್ಕ, ಫ್ರಿಜ್ ಹಿಂದೆ ಸ್ವಲ್ಪ ನೋಡ್ಬೇಕಿತ್ತು" ಅಂದರು.

ಫ್ರಿಜ್ಜಿಗೊಂದು ಹಿಂದುಗಡೆ ಇದೆ ಅನ್ನೋದೇ ನನಗೆ ಮರೆತುಹೋಗಿತ್ತು.

ಮುಂದುಗಡೆ ಮಾತ್ರ ನಮ್ಮ ಫ್ರಿಜ್ಜು ನಿಶ್ಚಿತಾರ್ಥಕ್ಕೆ ಕೂತ ಹುಡುಗಿಯ ಹಾಗಿದೆ. ತಲೆಯ ಮೇಲೆ ಹೂವಿನ ಚಿತ್ತಾರದ ಕವರು, ಎರಡೂ ಬದಿಗೆ ಇಳಿಬಿದ್ದ ಜೇಬುಗಳು. ಜೇಬಿನೊಳಗೆ ಹಳೇ ಕರೆಂಟ್ ಬಿಲ್ಲು, ಅರ್ಧ ಮುಗಿದ ಮಾತ್ರೆ ಪಟ್ಟಿ, ಯಾವ ಬೀಗಕ್ಕೂ ಹೊಂದದ ಮೂರು ಬೀಗದ ಕೈ. ಹಿಡಿಗೆ ಕೂಡ ಒಂದು ಅಂಗಿ. ಶುಕ್ರವಾರ ಶುಕ್ರವಾರ ಒದ್ದೆ ಬಟ್ಟೆಯಲ್ಲಿ ಬಾಗಿಲು ಒರೆಸುತ್ತೇನೆ. ಬಂದವರೆಲ್ಲ "ಹೊಸದಾ?" ಅಂತಾರೆ. ಹೌದೂ ಅನ್ನಲ್ಲ, ಅಲ್ಲ ಅಂತಾನೂ ಅನ್ನಲ್ಲ, ಸುಮ್ನೆ ನಗುತ್ತೇನೆ.

ಇವರನ್ನು ಕರೆದೆ. ಲುಂಗಿ ಎತ್ತಿ ಕಟ್ಟಿಕೊಂಡು ಬಂದರು. ಫ್ರಿಜ್ಜಿನ ಕೆಳಗೆ ಚಕ್ರದ ಸ್ಟ್ಯಾಂಡು ಇದೆ. 2009ರಲ್ಲಿ ಕೊಳ್ಳುವಾಗ "ಎಳೆದು ಗುಡಿಸೋಕೆ ಸುಲಭ" ಅಂತ ಅಂಗಡಿಯವರು ಅದಕ್ಕೆ ಬೇರೆ ದುಡ್ಡು ತಗೊಂಡಿದ್ದರು. ಆ ಚಕ್ರಗಳು ಅವತ್ತಿನಿಂದ ಒಂದು ಸುತ್ತೂ ತಿರುಗಿರಲಿಲ್ಲ. ಮೊದಲ ಸುತ್ತಿಗೆ ಅವು ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು.

ಹಿಂದೆ ಏನೇನು ಸಿಕ್ಕಿತು ಅಂತೀರಿ! ಸೊಟ್ಟಗಾದ ಒಂದು ಚಮಚ. ಒಣಗಿ ಗೋಲಿಯಾದ ನಿಂಬೆಹಣ್ಣು. ಮಗನ ಆಟದ ಕಾರು; ಮಗ ಈಗ ಬೈಕ್ ಓಡಿಸುತ್ತಾನೆ. ಒಂಟಿ ಕಾಲುಚೀಲ. ಮಳೆಗಾಲದಲ್ಲಿ ಅವನ ಸ್ಕೂಲಿನ ಕಾಲುಚೀಲ ಒಣಗದೇ ಇದ್ದಾಗ ಮೇಲಿಂದ ಕೈ ಚಾಚಿ ಹಿಂದಿನ ಬಿಸಿ ಜಾಲರಿಗೆ ಹಾಕುತ್ತಿದ್ದೆ. ಜೋಡಿ ಹೋಯಿತು ಅಂತ ಆ ಮಗುವಿಗೆ ಎಷ್ಟು ಬೈದಿದ್ದೆನೋ. ಮತ್ತೆ ಒಂದು ನಾಲ್ಕಾಣೆ. ನಾಲ್ಕಾಣೆ ಚಲಾವಣೆ ನಿಂತಿದ್ದು 2011ರ ಜೂನ್ 30ಕ್ಕೆ. ನಾನು ಎಷ್ಟು ವರ್ಷದಿಂದ ಅಲ್ಲಿ ಪೊರಕೆ ಆಡಿಸಿಲ್ಲ ಅನ್ನೋದಕ್ಕೆ ಸರ್ಕಾರವೇ ಮುದ್ರೆ ಒತ್ತಿ ಕೊಟ್ಟ ಹಾಗಾಯ್ತು. ಇವರು ಅದನ್ನು ಎತ್ತಿ, ಲುಂಗಿಗೆ ಒರೆಸಿ, ಆಶಾ ಅವರಿಗೇ ತೋರಿಸಿದರು. ಗಂಡಸರಿಗೆ ಯಾವಾಗ ಏನು ತೋರಿಸಬೇಕು ಅಂತ ಗೊತ್ತಾಗಲ್ಲ.

ಆಶಾ ಅವರ ಕಣ್ಣು ನಾಲ್ಕಾಣೆಯ ಮೇಲೆ ಇರಲಿಲ್ಲ. ಕೆಳಗಡೆ, ಕಂಪ್ರೆಸರ್ ತಲೆಯ ಮೇಲೆ, ಒಂದು ಕಪ್ಪು ಪ್ಲಾಸ್ಟಿಕ್ ಟ್ರೇ ಇತ್ತು. ಅದರಲ್ಲಿ ಎರಡು ಬೆರಳು ನೀರು. ಟಾರ್ಚು ಬಿಟ್ಟರು. "ನೋಡಿ ಅಕ್ಕ." ಬಗ್ಗಿ ನೋಡಿದೆ. ನೀರಿನಲ್ಲಿ ಅಲ್ಪವಿರಾಮ ಚಿಹ್ನೆಗಳು ತೇಲುತ್ತಿದ್ದವು. ಬೆಳಕು ಬಿದ್ದದ್ದೇ ತಡ, ಎಲ್ಲ ಸೊಂಟ ಕುಣಿಸುತ್ತಾ ತಳಕ್ಕೆ ಓಡಿದವು.

ಒಳಗೆ ಕಟ್ಟಿದ ಐಸು ಕರಗಿದ ನೀರು ಒಂದು ಸಣ್ಣ ಕೊಳವೆಯಲ್ಲಿ ಇಳಿದು ಈ ಟ್ರೇಗೆ ಬರುತ್ತಂತೆ. ಕಂಪ್ರೆಸರ್ ಬಿಸಿಗೆ ಆವಿಯಾಗಿ ಹೋಗಬೇಕು. ಮಳೆಗಾಲದ ತಂಪಲ್ಲಿ ಅಷ್ಟು ಬೇಗ ಹೋಗಲ್ಲ, ನಿಂತುಬಿಡುತ್ತೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಆಗಿಬರಲ್ಲ, ಇಂಥ ತಿಳಿನೀರೇ ಬೇಕು. ಕಚ್ಚೋದೂ ಹಗಲು ಹೊತ್ತಲ್ಲೇ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗುವ ನಾನು ಹಗಲೆಲ್ಲ ಅಡುಗೆಮನೆಯಲ್ಲಿ ಸೊಳ್ಳೆ ಸಾಕುತ್ತಿದ್ದೆ, ಅದೂ ಕರೆಂಟ್ ಖರ್ಚು ಮಾಡಿ! 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ದಂಡ ಇಟ್ಟರಲ್ಲ, ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಪೇಪರಿನಲ್ಲಿ ಓದಿ "ಹಾಕ್ಬೇಕು ಇಂಥವರಿಗೆ" ಅಂದಿದ್ದವಳೂ ನಾನೇ.

ಆಕೆ ದಂಡದ ಮಾತೆತ್ತಲಿಲ್ಲ. "ಸುಮ್ನೆ ಚೆಲ್ಲಿದ್ರೆ ಸಾಲದು ಅಕ್ಕ, ಅಂಚನ್ನ ತಿಕ್ಕಿ ತೊಳೀಬೇಕು. ಮೊಟ್ಟೆ ಅಂಟ್ಕೊಂಡಿರತ್ತೆ. ನೀರು ಒಣಗಿದ್ರೂ ಅದು ತಿಂಗಳುಗಟ್ಟಲೆ ಬದುಕಿರತ್ತೆ. ವಾರಕ್ಕೊಂದ್ಸಲ ತೊಳೀರಿ" ಅಂದು, ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡು, ಮುಂದಿನ ವಾರ ಬರುತ್ತೇನೆ ಅಂತ ಹೋದರು. ಏನು ಬರೆದರು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಟ್ರೇ ತೊಳೆದ ಮೇಲೆ ಜಾಲರಿಯ ಕಡೆ ತಿರುಗಿದೆ. ಅದರ ಮೇಲೆ ಧೂಳು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು. ಬ್ರಷ್ಷಿನಲ್ಲಿ ಎಳೆದರೆ ಚೂರುಚೂರಾಗಿ ಬರಲಿಲ್ಲ, ಹಾಸಿಗೆ ಸುರುಳಿ ಸುತ್ತಿದ ಹಾಗೆ ಸುತ್ತಿಕೊಂಡು ಬಂತು. ಒಳಗಿನ ಬಿಸಿಯನ್ನೆಲ್ಲ ಹೊತ್ತು ತಂದು ಹೊರಗೆ ಬಿಸಾಕುವ ಜಾಗ ಅದು. ಅದಕ್ಕೇ ಕಂಬಳಿ ಹೊದಿಸಿದರೆ ಬಿಸಿ ಎಲ್ಲಿಗೆ ಹೋಗಬೇಕು? ಪಾಪ, ಕಂಪ್ರೆಸರ್ ಹಗಲೂ ರಾತ್ರಿ ಗುರ್ ಅನ್ನುತ್ತಲೇ ಇತ್ತು. ನಾನು ವಯಸ್ಸಾಯ್ತು ಅದಕ್ಕೆ ಅಂದುಕೊಂಡಿದ್ದೆ.

ಆಗ ಅಜ್ಜಿ ನೆನಪಾದರು. ತೀರ್ಥಹಳ್ಳಿ ಕಡೆ ನಮ್ಮ ಅಜ್ಜಿ ಮನೆಯ ಬಚ್ಚಲಲ್ಲಿ ತಾಮ್ರದ ದೊಡ್ಡ ಹಂಡೆ ಇತ್ತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದನ್ನು ಒಲೆಯಿಂದ ಎಬ್ಬಿಸಿ ಅಂಗಳಕ್ಕೆ ತರುತ್ತಿದ್ದರು. ಇಬ್ಬರು ಗಂಡಾಳು ಬೇಕಿತ್ತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಕೊಟ್ಟು ನಮ್ಮನ್ನು ಬಾಯಿಯ ಸುತ್ತ, ಹೊಟ್ಟೆಯ ಸುತ್ತ ತಿಕ್ಕಲು ಬಿಡುತ್ತಿದ್ದರು. ಹುಣಸೆಯ ಹುಳಿ ತಾಗಿದ ಕಡೆಯೆಲ್ಲ ತಾಮ್ರ ಕೆಂಪಗೆ ಕಣ್ಣು ಬಿಡುತ್ತಿತ್ತು. ತಳ ಮಾತ್ರ ಅಜ್ಜಿಯದು. ಹಂಡೆಯನ್ನು ಬೋರಲು ಹಾಕಿ, ಮೊಂಡು ಕತ್ತಿ ಹಿಡಿದು ಮಸಿ ಕೆರೆಯುತ್ತಿದ್ದರು. ಮಸಿ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಒಲೆಯೊಳಗೆ ಕೂರೋ ತಳ ಯಾರಿಗೆ ಕಾಣಬೇಕು ಅಂತ ಒಮ್ಮೆ ಕೇಳಿದ್ದೆ. "ಮಸಿ ದಪ್ಪ ಆದ್ರೆ ಸೌದೆ ಜಾಸ್ತಿ ತಿನ್ನತ್ತೆ ಮಾರಾಯ್ತಿ" ಅಂದರು. ಆಮೇಲೆ ನಕ್ಕು, "ಮುಖ ಎಲ್ಲರೂ ತೊಳಿತಾರೆ. ಕುಂಡೆ ತೊಳೆಯೋಳು ತಾಯಿ ಮಾತ್ರ" ಅಂದರು. ತೊಳೆದ ಹಂಡೆಗೆ ಕೆಮ್ಮಣ್ಣು, ಸುಣ್ಣದ ಪಟ್ಟೆ ಎಳೆದು, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿದರೆ ಹಬ್ಬ ಶುರು.

ಆ ಹಂಡೆಯ ಜಾಗಕ್ಕೆ ಬಂದದ್ದು ಗೀಸರ್. ಬೆಂಗಳೂರಿನ ಅಂಚಿನಲ್ಲಿರುವ ನಮಗೆ ಬೋರ್‌ವೆಲ್ ನೀರೇ ಗತಿ. ಗೀಸರ್ ಸಿಡಿಮಿಡಿ ಸದ್ದು ಮಾಡೋಕೆ ಶುರುಮಾಡಿದಾಗ ಮೆಕ್ಯಾನಿಕ್ ಹುಡುಗ ಬಂದು ಬಿಚ್ಚಿದ. ಅರ್ಧ ಬಕೆಟ್ ಬಿಳಿ ಚಕ್ಕೆ ಸುರಿಯಿತು. ಕಾಯಿಲು ಹೊರಗೆ ಬಂದಾಗ ಸುಣ್ಣದಲ್ಲಿ ಅದ್ದಿ ತೆಗೆದ ಕೋಡುಬಳೆಯ ಹಾಗಿತ್ತು. ನೀರಲ್ಲಿ ಕರಗಿರುವ ಕ್ಯಾಲ್ಸಿಯಂ ಬಿಸಿ ತಾಗಿದ ಕೂಡಲೇ ಬೇರೆಯಾಗಿ ಕಾಯಿಲಿಗೆ ಅಂಟಿಕೊಳ್ಳುತ್ತದೆ. ಕುಡಿಯೋ ನೀರಿನ ಗಡಸು ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತೆ ಅಂತ ಭಾರತೀಯ ಮಾನಕ ಹೇಳುತ್ತದೆ. ನಮ್ಮ ಬೋರ್‌ವೆಲ್ಲು ಮಾನಕ ಓದಿಲ್ಲ.

ಜೊತೆಗೊಂದು ಸವೆದ ಕಡ್ಡಿಯನ್ನೂ ಹುಡುಗ ತೋರಿಸಿದ. ಮೆಗ್ನೀಸಿಯಂ ಸರಳಂತೆ. ತುಕ್ಕು ಟ್ಯಾಂಕನ್ನು ತಿನ್ನುವ ಬದಲು ತನ್ನನ್ನೇ ತಿನ್ನಲಿ ಅಂತ ಒಳಗೆ ಕೂತಿರುತ್ತಂತೆ. "ಇದು ಪೂರ್ತಿ ಮುಗಿದ ಮೇಲೆ ಟ್ಯಾಂಕಿನ ಸರದಿ ಮೇಡಂ" ಅಂದ. ನನಗೆ ನಮ್ಮ ದೊಡ್ಡತ್ತಿಗೆ ನೆನಪಾದರು. ಆ ಸಂಜೆಯೇ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಕಾರಣ ಹೇಳಲಿಲ್ಲ.

ಕಾಯಿಲನ್ನು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕಲಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿಟ್ಟೆವು. ಸೋಡಾ ಹಾಗೆ ಬುರುಬುರು ಅಂತ ನೊರೆ ಬಂದು ಸುಣ್ಣ ಬಿಟ್ಟುಕೊಂಡಿತು. ಅಲ್ಲಿಗೆ ಮತ್ತೆ ಅಜ್ಜಿಯ ಹುಳಿಯೇ ಬಂತಲ್ಲ! ಹಂಡೆಯ ತಳದ ಮಸಿ, ಫ್ರಿಜ್ಜಿನ ಬೆನ್ನಿನ ಧೂಳು, ಕಾಯಿಲಿನ ಸುಣ್ಣ, ಮೂರೂ ಒಂದೇ ಜಾತಿಯ ಕಂಬಳಿಗಳು. ಬಿಸಿಗೆ ದಾರಿ ಬಿಡಲ್ಲ. ಅಜ್ಜಿ ಸೌದೆ ಲೆಕ್ಕ ಹಾಕುತ್ತಿದ್ದರು, ನಾನು ಕರೆಂಟ್ ಬಿಲ್ಲನ್ನು ಫ್ರಿಜ್ಜಿನ ಜೇಬಿಗೆ ತುರುಕುತ್ತೇನೆ.

ಮಿಕ್ಸಿಯದು ಬೇರೆ ಕಥೆ. ಒಂದು ಭಾನುವಾರ ಚಟ್ನಿ ಅರ್ಧಕ್ಕೆ ಬಂದಾಗ ನಿಂತುಬಿಟ್ಟಿತು. ಸ್ವಿಚ್ ಹಾಕಿ ತೆಗೆದೆ, ಪ್ಲಗ್ ಬದಲಾಯಿಸಿದೆ, ಬೆನ್ನಿಗೆರಡು ಬಾರಿಸಿದೆ. ಸೋಮವಾರ ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ಬೋರಲು ಹಾಕಿ, ಕೆಳಗಿದ್ದ ಒಂದು ಕೆಂಪು ಗುಂಡಿ ಒತ್ತಿ, ಆನ್ ಮಾಡಿದರು. ಗರ್‌ರ್ ಅಂತು. ಮೋಟರು ಜಾಸ್ತಿ ಬಿಸಿಯಾದಾಗ ಸುಟ್ಟುಹೋಗದಿರಲಿ ಅಂತ ತಾನೇ ಕರೆಂಟ್ ಕಡಿದುಕೊಳ್ಳುವ ಗುಂಡಿಯಂತೆ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಒತ್ತಿದರೆ ಆಯಿತು. ಹನ್ನೊಂದು ವರ್ಷ ಆ ಮಿಕ್ಸಿ ಜೊತೆ ಸಂಸಾರ ಮಾಡಿದ್ದೇನೆ, ಅದನ್ನು ಒಮ್ಮೆಯೂ ಮಗುಚಿ ನೋಡಿಲ್ಲ. ಗಾಳಿಯಾಡುವ ಸೀಳುಗಳಲ್ಲಿ ಒಣಗಿ ಕೂತಿದ್ದ ದೋಸೆಹಿಟ್ಟನ್ನು ಅವರು ಹಲ್ಲುಜ್ಜೋ ಬ್ರಷ್ಷಿನಲ್ಲಿ ಉದುರಿಸಿದರು. ಎಷ್ಟು ಅಂದೆ. ಏನೂ ಬೇಡ ಅಂದರು. ಅದೇ ಬೇಜಾರು. ದುಡ್ಡು ತಗೊಂಡಿದ್ದರೆ ಮನೆಯಲ್ಲಿ "ರಿಪೇರಿ ಆಯ್ತು" ಅನ್ನಬಹುದಿತ್ತು.

ವಾಷಿಂಗ್ ಮೆಷಿನ್ನಿನ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಗಿಲು ಇರುತ್ತದೆ, ಫಿಲ್ಟರಿನದು. ಅದರೊಳಗೆ ಎರಡು ರೂಪಾಯಿ ನಾಣ್ಯ, ಹೇರ್‌ಪಿನ್ನು, ಮತ್ತು ಒಂದು ಬಿಳಿ ಮುದ್ದೆ ಸಿಕ್ಕಿತು. ಅದು ಬಸ್ ಟಿಕೆಟ್ಟು ಅಂತ ಇವರು, ನೂರು ರೂಪಾಯಿ ನೋಟು ಅಂತ ನಾನು.

ಹಾಗಂತ ನಾವು ಯಂತ್ರಗಳಿಗೆ ಗೌರವ ಕೊಡಲ್ಲ ಅಂತೇನಿಲ್ಲ. ಆಯುಧ ಪೂಜೆಯ ದಿನ ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಮಿಕ್ಸಿಯ ಹಣೆಗೆ, ಫ್ರಿಜ್ಜಿನ ಬಾಗಿಲಿಗೆ, ವಾಷಿಂಗ್ ಮೆಷಿನ್ನಿನ ಗಾಜಿಗೆ. ಬಿಳಿ ಮೆಷಿನ್ನಿನ ಮೇಲೆ ಆ ಕುಂಕುಮ ಯುಗಾದಿ ತನಕ ಇರುತ್ತದೆ. ಎಲ್ಲವೂ ಮುಂದುಗಡೆಯೇ. ದೇವರಿಗೆ ಹಿಂದಿನಿಂದ ಯಾರಾದರೂ ಕುಂಕುಮ ಇಡುತ್ತಾರಾ?

ಮುಂದಿನ ವಾರ ಆಶಾ ಅವರು ಹೇಳಿದ ದಿನಕ್ಕೇ ಬಂದರು. ನಾನು ಕಾಯುತ್ತಲೇ ಇದ್ದೆ. ಅವರು ಕೇಳುವ ಮೊದಲೇ ಫ್ರಿಜ್ ಎಳೆದು ತೋರಿಸಿದೆ. ಚಕ್ರಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ, ಸದ್ದೇ ಇಲ್ಲ. ಟ್ರೇ ಒಣಗಿ ತಟ್ಟೆಯಾಗಿತ್ತು. ಟಾರ್ಚು ಬಿಟ್ಟು, ಬೆರಳಿನಿಂದ ಅಂಚು ಸವರಿ ನೋಡಿ, "ಚೆನ್ನಾಗಿ ಮಾಡಿದ್ದೀರ ಅಕ್ಕ" ಅಂದರು. ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ತಾರೀಖು ಬರೆದರು. ಕಾಫಿ ಮಾಡಲೇ ಅಂದೆ.

"ಕಾಫಿ ಆಮೇಲೆ ಕುಡಿಯೋಣ ಅಕ್ಕ" ಅಂದು ತಲೆ ಎತ್ತಿ ಮಾಳಿಗೆಯ ಕಡೆ ನೋಡಿದರು. "ಮೇಲೆ ಟ್ಯಾಂಕ್ ಒಳಗೊಂದು ನೋಡಿಬಿಡೋಣ್ವಾ?"

ನಾನು ಇವರನ್ನು ನೋಡಿದೆ. ಇವರು ಲುಂಗಿ ಎತ್ತಿ ಕಟ್ಟುತ್ತಾ ಕೇಳಿದರು, "ಏಣಿ ಎಲ್ಲಿದೆ ಕಣೇ ನಮ್ಮದು?"